ಆಷಾಢ ಕಳೆದರೂ ಉಳಿಯುವ ಅಲಂಕಾರ: ಕಡಿಮೆ ಖರ್ಚಿನಲ್ಲಿ ಕರಾವಳಿಯ ಮನೆ

ಚೌತಿ ಹತ್ತಿರ ಬಂತೆಂದರೆ ಕಾರವಾರದಿಂದ ಭಟ್ಕಳದವರೆಗೂ ಬಣ್ಣದ ಅಂಗಡಿಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಹಬ್ಬಕ್ಕೆ ಮನೆ ಹೊಳೆಯಬೇಕು, ಸರಿ. ಆದರೆ ಆ ಹೊತ್ತಿಗೆ ಗೋಡೆ ಮೂರು ತಿಂಗಳ ಮಳೆ ಕುಡಿದು ನಿಂತಿರುತ್ತದೆ. ಅದರ ಮೇಲೆ ಬಳಿದ ಬಣ್ಣ ದೀಪಾವಳಿಗೆ ಗುಳ್ಳೆ ಏಳುತ್ತದೆ, ಸಂಕ್ರಾಂತಿಗೆ ಹಪ್ಪಳದಂತೆ ಬಿಚ್ಚಿಕೊಳ್ಳುತ್ತದೆ. ಬಣ್ಣದ ಕಂಪನಿಯನ್ನು ಬೈದು ಮುಂದಿನ ಚೌತಿಗೆ ಮತ್ತೆ ಅದೇ ಕೆಲಸ.

ವರ್ಷಕ್ಕೆ 3000 ಮಿ.ಮೀ. ಆಸುಪಾಸು ಮಳೆ ಬೀಳುವ ಊರಿನಲ್ಲಿ ಮನೆ ಸಿಂಗಾರಕ್ಕೆ ಹಾಕಿದ ದುಡ್ಡನ್ನು ಮೊದಲು ತಿನ್ನುವುದು ತೇವ, ಆಮೇಲೆ ಸಮುದ್ರದ ಉಪ್ಪುಗಾಳಿ, ಆಮೇಲೆ ಒರಲೆ. ಪತ್ರಿಕೆಗಳಲ್ಲಿ ಬರುವ ಒಣ ಊರುಗಳ ಸಲಹೆಗಳಿಗೆ ಈ ಮೂರರ ಪರಿಚಯವೇ ಇಲ್ಲ. ಹಾಗಾಗಿ ಇಲ್ಲಿ ಯಾವ ವಸ್ತು ಕೊಳ್ಳುವ ಮೊದಲೂ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದು ಜುಲೈ ತಿಂಗಳನ್ನು ದಾಟುತ್ತದೆಯೇ?

ಕೈಯಲ್ಲಿ ಹತ್ತು ರೂಪಾಯಿ ಇದೆ ಎಂದಿಟ್ಟುಕೊಂಡರೆ ನಾಲ್ಕು ಗೋಡೆಗೆ, ಎರಡು ಬೆಳಕಿಗೆ, ಎರಡು ಬಟ್ಟೆಗೆ, ಉಳಿದೆರಡು ಮರದ ಸಾಮಾನಿಗೆ ಮತ್ತು ಗೋಡೆಯ ಮೇಲೆ ತೂಗುವುದಕ್ಕೆ. ಹೆಚ್ಚಿನವರು ಇದನ್ನು ತಿರುಗಾಮುರುಗಾ ಮಾಡುತ್ತಾರೆ. ಶೋಪೀಸು ಮೊದಲು ಬರುತ್ತದೆ, ಗೋಡೆಯ ಸರದಿ ಬರುವಷ್ಟರಲ್ಲಿ ಪರ್ಸು ಖಾಲಿ.

ಕೆಲಸದ ಕಾಲವೂ ಅಷ್ಟೇ ಮುಖ್ಯ. ಗೋಡೆಯ ಕೆಲಸ ಸಂಕ್ರಾಂತಿಯಿಂದ ಯುಗಾದಿಯೊಳಗೆ. ಮಾಡು, ಹಂಚು, ಮರ ಇವು ಏಪ್ರಿಲ್–ಮೇನಲ್ಲಿ. ಹೊಲಿಗೆ, ಚೌಕಟ್ಟು, ಕುಸುರಿ ಕೆಲಸಗಳನ್ನು ಮಳೆಗಾಲಕ್ಕೆ ಇಟ್ಟುಕೊಳ್ಳಿ, ಹೇಗೂ ಹೊರಗೆ ಕಾಲಿಡುವ ಹಾಗಿರುವುದಿಲ್ಲ.

ಮೊದಲು ಗೋಡೆಯ ನಾಡಿ ಹಿಡಿಯಿರಿ

ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಅನುಮಾನ ಇರುವ ಗೋಡೆಗೆ ನಾಲ್ಕೂ ಅಂಚು ಬಿಗಿಯಾಗಿ ಟೇಪ್ ಹಾಕಿ ಅಂಟಿಸಿ, ಎರಡು ದಿನ ಬಿಡಿ. ಹಾಳೆಯ ಒಳಮೈಯಲ್ಲಿ, ಅಂದರೆ ಗೋಡೆ ಕಡೆ, ನೀರಿನ ಹನಿ ಕಂಡರೆ ಗೋಡೆಯೇ ನೀರು ಕುಡಿದಿದೆ. ಹೊರಮೈಯಲ್ಲಿ ಮಾತ್ರ ಬೆವರಿದ್ದರೆ ಅದು ಕೋಣೆಯ ಗಾಳಿಯ ತೇವ, ಕಿಟಕಿ ತೆರೆದು ಗಾಳಿಯಾಡಿಸಿದರೆ ಹೋಗುತ್ತದೆ. ಎರಡೂ ಕಡೆ ಒಣಗಿದ್ದರೆ ಬ್ರಶ್ ಎತ್ತಿಕೊಳ್ಳಬಹುದು.

ಗೋಡೆ ನೀರು ಕುಡಿದಿದ್ದರೆ ಎಲ್ಲಿಂದ ಎಂದು ಕಲೆಯೇ ಹೇಳುತ್ತದೆ. ನೆಲದಿಂದ ಎರಡು–ಮೂರು ಅಡಿಯವರೆಗೆ ಅಡ್ಡಪಟ್ಟಿಯಂತೆ ಹರಡಿದ್ದರೆ ನೀರು ಅಡಿಪಾಯದಿಂದ ಏರುತ್ತಿದೆ, ಇಲ್ಲವೇ ಮಾಡಿನ ನೀರು ಅಂಗಳಕ್ಕೆ ಬಿದ್ದು ಗೋಡೆಗೆ ಸಿಡಿಯುತ್ತಿದೆ. ಕಿಟಕಿಯ ಕೆಳಮೂಲೆಯಿಂದ ಮೀಸೆಯಂತೆ ಇಳಿದಿದ್ದರೆ ಕಿಟಕಿಯ ಹೊರದಂಡೆಗೆ ಇಳಿಜಾರಿಲ್ಲ. ಮೇಲಿಂದ ನಾಲಗೆಯಂತೆ ಇಳಿದಿದ್ದರೆ ಹಂಚು ಒಡೆದಿದೆ. ನೈರುತ್ಯದ ಗೋಡೆ ಪೂರ್ತಿ ಕಪ್ಪಾಗಿದ್ದರೆ ಅದು ಎರಚಲು. ಹಿಂದಿನವರು ಆ ಬದಿಗೆ ಸೋಗೆಯ ತಟ್ಟಿ ಕಟ್ಟುತ್ತಿದ್ದದ್ದು ಇದಕ್ಕೇ. ಒಂದು ತಟ್ಟಿಯ ಖರ್ಚು ಒಂದು ಡಬ್ಬಿ ವಾಟರ್‌ಪ್ರೂಫ್ ಬಣ್ಣದ ಮುಂದೆ ಏನೂ ಅಲ್ಲ, ಕೆಲಸ ಮಾತ್ರ ಅದಕ್ಕಿಂತ ಚೆನ್ನಾಗಿ ಮಾಡುತ್ತದೆ.

ಗೋಡೆಯ ಮೇಲೆ ಬಿಳಿ ಹುಡಿಯಂತೆ ಎದ್ದಿರುವುದು ಬೂಸ್ಟಲ್ಲ, ಉಪ್ಪು. ನೀರು ಒಣಗುವಾಗ ಗೋಡೆಯೊಳಗಿನ ಲವಣ ಹೊರಗೆ ಬಂದು ಕೂತಿರುತ್ತದೆ. ಅದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಕರಗಿ ಮತ್ತೆ ಒಳಗೆ ಹೋಗುತ್ತದೆ. ಒಣ ಬ್ರಶ್ಶಿನಲ್ಲಿ ಉಜ್ಜಿ, ಕೆಳಗೆ ಬಿದ್ದ ಹುಡಿಯನ್ನು ಗುಡಿಸಿ ಹೊರಗೆ ಹಾಕಿ. ಹದಿನೈದು ದಿನ ಬಿಟ್ಟು ಮತ್ತೆ ನೋಡಿ. ಮತ್ತೆ ಎದ್ದಿದ್ದರೆ ಗೋಡೆ ಇನ್ನೂ ಒಣಗಿಲ್ಲ.

ಕಪ್ಪು–ಹಸಿರು ಚುಕ್ಕೆಗಳಿದ್ದರೆ ಅದು ಬೂಸ್ಟು. ಒಂದು ಪಾಲು ದ್ರವ ಬ್ಲೀಚಿಗೆ ಹತ್ತು ಪಾಲು ನೀರು ಬೆರೆಸಿ ಹಚ್ಚಿ, ಹತ್ತು ನಿಮಿಷ ಬಿಟ್ಟು ಒರೆಸಿ, ಪೂರ್ತಿ ಒಣಗಿಸಿ. ಕಿಟಕಿ ತೆರೆದಿರಲಿ. ಬ್ಲೀಚಿನ ಜತೆ ವಿನೆಗರ್, ಲಿಂಬೆ, ಟಾಯ್ಲೆಟ್ ಆ್ಯಸಿಡ್ ಯಾವುದನ್ನೂ ಸೇರಿಸಬೇಡಿ, ವಿಷಗಾಳಿ ಏಳುತ್ತದೆ. ಬೂಸ್ಟನ್ನು ಕೊಲ್ಲದೆ ಮೇಲೆ ಬಣ್ಣ ಬಳಿದರೆ ಅದು ಬಣ್ಣವನ್ನೇ ತಿಂದು ಹೊರಗೆ ಬರುತ್ತದೆ.

ಸುಣ್ಣವೋ, ಎಮಲ್ಶನ್ನೋ

ಚಿರೆಕಲ್ಲಿನ (ಜಂಬಿಟ್ಟಿಗೆಯ) ಗೋಡೆಗೆ ಮಣ್ಣು ಅಥವಾ ಸುಣ್ಣದ ಗಾರೆ ಇದ್ದರೆ ಸುಣ್ಣವೇ ಸರಿ. ಒಳಗಿನ ತೇವ ಸುಣ್ಣದ ಮೂಲಕ ಉಸಿರಾಡಿ ಹೊರಗೆ ಹೋಗುತ್ತದೆ. ಪ್ಲಾಸ್ಟಿಕ್ ಎಮಲ್ಶನ್ ಬಳಿದರೆ ಆ ದಾರಿ ಮುಚ್ಚಿ, ತೇವ ಬಣ್ಣವನ್ನೇ ತಳ್ಳುತ್ತದೆ. ಸಿಮೆಂಟ್ ಗಾರೆಯ, ಚೆನ್ನಾಗಿ ಒಣಗಿದ ಗೋಡೆಗೆ ಎಮಲ್ಶನ್ ಆಗಬಹುದು. ಆದರೆ ಒಮ್ಮೆ ಎಮಲ್ಶನ್ ಬಳಿದ ಗೋಡೆಗೆ ಸುಣ್ಣ ಹಿಡಿಯುವುದಿಲ್ಲ, ಹಳೆಯದನ್ನು ಪೂರ್ತಿ ಕೆರೆಯಬೇಕು. ಈ ನಿರ್ಧಾರವನ್ನು ಯೋಚಿಸಿ ಮಾಡಿ.

ಸುಣ್ಣ ಕಲಸುವ ಕ್ರಮ ಹೀಗೆ. ಸುಟ್ಟ ಸುಣ್ಣದ ಹರಳು 1 ಕಿಲೋಗೆ 5 ಲೀಟರ್ ನೀರಿನ ಲೆಕ್ಕ. ಮೊದಲು ಪಾತ್ರೆಯಲ್ಲಿ ನೀರು ಹಾಕಿ, ಅದಕ್ಕೆ ಸುಣ್ಣವನ್ನು ಸ್ವಲ್ಪಸ್ವಲ್ಪವೇ ಹಾಕಬೇಕು. ಸುಣ್ಣದ ರಾಶಿಗೆ ನೀರು ಸುರಿದರೆ ಕುದಿದು ಸಿಡಿಯುತ್ತದೆ. ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗ್ಲೌಸ್ ಇರಲಿ, ಪ್ಲಾಸ್ಟಿಕ್ ಬಕೆಟ್ ಬೇಡ, ಶಾಖಕ್ಕೆ ಮೆತ್ತಗಾಗುತ್ತದೆ. ಒಂದು ದಿನ ಪೂರ್ತಿ ಬಿಟ್ಟು ತೆಳು ಬಟ್ಟೆಯಲ್ಲಿ ಸೋಸಿ. ಸೋಸಿದ ಪ್ರತಿ 10 ಲೀಟರಿಗೆ 40 ಗ್ರಾಂ ಗೋಂದನ್ನು ಬಿಸಿನೀರಿನಲ್ಲಿ ಕರಗಿಸಿ ಸೇರಿಸಿ. ಬಿಳುಪು ಹಳದಿಗೆ ತಿರುಗದಿರಲು ಕಿಲೋ ಸುಣ್ಣಕ್ಕೆ 3 ಗ್ರಾಂವರೆಗೆ ನೀಲಿ. ಸುಣ್ಣ ಗಟ್ಟಿಯಾಗಲೆಂದು ಅಡುಗೆ ಉಪ್ಪು ಹಾಕುವ ರೂಢಿಯೂ ಇದೆ. ನಮ್ಮ ಹವೆಗೆ ಅದು ಬೇಡ: ಉಪ್ಪು ಗಾಳಿಯ ತೇವವನ್ನು ಎಳೆದುಕೊಂಡು ಆಷಾಢದಲ್ಲಿ ಗೋಡೆ ಬೆವರುತ್ತದೆ.

ಬಳಿಯುವ ಮೊದಲು ಗೋಡೆಗೆ ನೀರು ಚಿಮುಕಿಸಿ ಸ್ವಲ್ಪ ಒದ್ದೆ ಮಾಡಿ, ಇಲ್ಲದಿದ್ದರೆ ಗೋಡೆ ನೀರನ್ನು ಹೀರಿಕೊಂಡು ಸುಣ್ಣ ಹುಡಿಹುಡಿಯಾಗುತ್ತದೆ. ಹಾಲಿನಷ್ಟು ತೆಳ್ಳಗೆ, ಹೊಸ ಗೋಡೆಗೆ ಮೂರು ಸಲ, ಹಳೆಯ ಸುಣ್ಣದ ಗೋಡೆಗೆ ಎರಡು ಸಲ. ಒಂದು ಕೈ ಉದ್ದಕ್ಕೆ, ಮುಂದಿನದು ಅಡ್ಡಕ್ಕೆ. ಬಳಿಯುವಾಗ ಗೋಡೆಯ ಮೇಲೆ ಏನೂ ಕಾಣಿಸದು, ನೀರು ಬಳಿದಂತೆ ಇರುತ್ತದೆ. ಅದನ್ನು ನೋಡಿ ಗಾಬರಿಯಾಗಿ ಗಟ್ಟಿ ಕಲಸಿದವರ ಗೋಡೆಯೇ ಮುಂದೆ ಚಕ್ಕೆ ಏಳುವುದು. ಮರುದಿನ ಒಣಗಿದ ಮೇಲೆ ಬಿಳುಪು ತಾನೇ ಏರುತ್ತದೆ.

ಎಮಲ್ಶನ್ ಬಳಿಯುವುದಾದರೆ ಲೆಕ್ಕ ಮಾಡಿ ಕೊಳ್ಳಿ. ಹತ್ತಕ್ಕೆ ಹನ್ನೆರಡು ಅಡಿಯ, ಹತ್ತಡಿ ಎತ್ತರದ ಕೋಣೆಯ ನಾಲ್ಕು ಗೋಡೆ ಸೇರಿ 440 ಚದರಡಿ. ಒಂದು ಬಾಗಿಲು, ಎರಡು ಕಿಟಕಿ ಕಳೆದರೆ ಉಳಿಯುವುದು ಸುಮಾರು 390. ನುಣುಪು ಗೋಡೆಗೆ ಎರಡು ಕೈಗೆ ಒಂದು ಲೀಟರ್ ಬಣ್ಣ 60ರಿಂದ 70 ಚದರಡಿ ಬರುತ್ತದೆ, ಅಂದರೆ 6 ಲೀಟರ್ ಬೇಕು. ಪುಟ್ಟಿ ಕಾಣದ ಒರಟು ಗೋಡೆಯಾದರೆ ಇನ್ನೂ ಹೆಚ್ಚು ಕುಡಿಯುತ್ತದೆ. ಮಿಶ್ರಣ ಮಾಡಿಸಿದ ಬಣ್ಣದ ಎರಡು ಡಬ್ಬಿಗಳ ನಡುವೆ ಕೂದಲೆಳೆಯ ವ್ಯತ್ಯಾಸ ಇರುತ್ತದೆ. ಬಳಿಯುವ ಮೊದಲು ಎಲ್ಲವನ್ನೂ ಒಂದೇ ಬಕೆಟ್ಟಿಗೆ ಸುರಿದು ಕಲಸಿಕೊಳ್ಳಿ, ಗೋಡೆಯ ನಡುವೆ ಬಣ್ಣ ಬದಲಾಗದು.

ಬಣ್ಣದ ಆಯ್ಕೆಯಲ್ಲಿ ಶಿರಸಿ ಸೀಮೆಯವರಿಗೆ ಒಂದು ಮಾತು. ಕಿಟಕಿಯಾಚೆ ತೋಟವೋ ಬೆಟ್ಟವೋ ಇದ್ದರೆ ಅಚ್ಚಬಿಳಿ ಗೋಡೆ ಹಸಿರು ಹೊಡೆಯುತ್ತದೆ, ಮೋಡ ಕವಿದ ದಿನವಂತೂ ಆಸ್ಪತ್ರೆಯ ಕಳೆ ಬರುತ್ತದೆ. ಬೆಣ್ಣೆಯ ಬಿಳಿ, ಹಾಲಿನ ಕೆನೆಯ ಬಣ್ಣ ತೆಗೆದುಕೊಳ್ಳಿ. ಎರಡಡಿ ಚೌಕದ ತುಂಡೊಂದನ್ನು ಬಳಿದು ಬೆಳಿಗ್ಗೆ, ಸಂಜೆ, ರಾತ್ರಿ ಬಲ್ಬಿನ ಕೆಳಗೆ ಮೂರು ಹೊತ್ತೂ ನೋಡಿ ತೀರ್ಮಾನಿಸಿ. ಅಂಗಡಿಯ ಬಣ್ಣದ ಪುಸ್ತಕದಲ್ಲಿ ಕಂಡದ್ದು ಗೋಡೆಯ ಮೇಲೆ ಯಾವತ್ತೂ ಒಂದು ಕೈ ಗಾಢವಾಗಿಯೇ ಕಾಣುತ್ತದೆ.

ಕಾವಿಯ ಒಂದು ಪಟ್ಟಿ

ಇಡೀ ಕೋಣೆಗೆ ಕಳೆ ತರುವ ಅತಿ ಅಗ್ಗದ ಕೆಲಸ ಎಂದರೆ ಬಿಳಿ ಗೋಡೆಯ ಮೇಲೆ ಆರಿಂಚಿನ ಕಾವಿ ಪಟ್ಟಿ. ಗೋವೆಯಿಂದ ನಮ್ಮ ಕರಾವಳಿಯವರೆಗಿನ ಹಳೆಯ ದೇವಸ್ಥಾನಗಳ ಗೋಡೆಯ ಮೇಲೆ ಕೆಂಪು–ಬಿಳಿಯಲ್ಲಿ ಬಳ್ಳಿ, ಹೂವು, ದೇವರು, ಆನೆಗಳನ್ನು ನೋಡಿರುತ್ತೀರಿ. ಅದು ಬ್ರಶ್ಶಿನಲ್ಲಿ ಬರೆದದ್ದಲ್ಲ. ಸುಣ್ಣದ ಗಾರೆಯ ಮೇಲೆ ಕಾವಿ ಬೆರೆಸಿದ ತೆಳು ಪದರ ಎಳೆದು, ಅದು ಹಸಿಯಿರುವಾಗಲೇ ಕಂಟದಿಂದ ಕೆತ್ತಿ ಕೆಳಗಿನ ಬಿಳಿಯನ್ನು ಹೊರತೆಗೆದದ್ದು. ಬಣ್ಣ ಗಾರೆಯ ಅಂಗವೇ ಆಗಿರುವುದರಿಂದ ಅಷ್ಟು ಮಳೆಯಲ್ಲೂ ಬಾಳಿದೆ. ಮನೆಯಲ್ಲಿ ಅದನ್ನೇ ಮಾಡಲು ನುರಿತ ಕೈ ಬೇಕು. ಅದರ ನೆರಳನ್ನು ಅಚ್ಚಿನಿಂದ ತರಬಹುದು.

1. ಹಳೆಯ ಎಕ್ಸ್‌ರೇ ಫಿಲ್ಮನ್ನು ತೊಳೆದು ಒಣಗಿಸಿ. 8 ಇಂಚು ಉದ್ದ, 6 ಇಂಚು ಎತ್ತರದ ಒಂದು ನಮೂನೆ ಬರೆದುಕೊಳ್ಳಿ. ಒಂದು ಹೂವು, ಎರಡು ಎಲೆ ಸಾಕು. ಕತ್ತರಿಸಿದ ಕಿಂಡಿಗಳ ನಡುವಿನ ಸೇತುವೆ 4 ಮಿ.ಮೀ.ಗಿಂತ ಕಿರಿದಾದರೆ ಎರಡೇ ದಿನದಲ್ಲಿ ಹರಿಯುತ್ತದೆ.

2. ಗೋಡೆಯ ಉದ್ದವನ್ನು ನಮೂನೆಯ ಉದ್ದದಿಂದ ಭಾಗಿಸಿ. ಹತ್ತಡಿ ಗೋಡೆ ಎಂದರೆ 120 ಇಂಚು, 8ರಿಂದ ಭಾಗಿಸಿದರೆ ಸರಿಯಾಗಿ 15. ಶೇಷ ಉಳಿದರೆ ನಮೂನೆಗಳ ನಡುವೆ ಅದನ್ನು ಹಂಚಿ, ಮೂಲೆಯಲ್ಲಿ ಅರ್ಧ ಹೂವು ಉಳಿಯಬಾರದು.

3. ನೆಲದಿಂದ 36 ಇಂಚಿಗೆ ನೂಲು ಹಿಡಿದು ಗೆರೆ ಹೊಡೆಯಿರಿ. ಹಳೆ ಮನೆಗಳ ನೆಲ ಎಲ್ಲೂ ಸಮ ಇರುವುದಿಲ್ಲ, ಹಾಗಾಗಿ ಅಳತೆಯನ್ನು ಒಂದು ಮೂಲೆಯಲ್ಲಿ ಮಾತ್ರ ನೆಲದಿಂದ ತೆಗೆದುಕೊಂಡು ಮುಂದಕ್ಕೆ ನೀರುಮಟ್ಟದ ಪೈಪಿನಿಂದ ಒಯ್ಯಿರಿ.

4. ಎಮಲ್ಶನ್ ಗೋಡೆಗೆ ಇಟ್ಟಿಗೆಗೆಂಪು ಎಮಲ್ಶನ್, ಒಂದು ಕೋಣೆಗೆ 200 ಮಿ.ಲೀ. ಸ್ಯಾಂಪಲ್ ಡಬ್ಬಿ ಸಾಕು. ಸುಣ್ಣದ ಗೋಡೆಗಾದರೆ ಒಂದು ಪಾಲು ಫೆವಿಕಾಲಿಗೆ ನಾಲ್ಕು ಪಾಲು ನೀರು ಬೆರೆಸಿ, ಕಾವಿ ಪುಡಿಯನ್ನು ಮಜ್ಜಿಗೆ–ಮೊಸರಿನ ನಡುವಿನ ಹದಕ್ಕೆ ಕಲಸಿ. ಕಾವಿಯನ್ನು ಸುಣ್ಣಕ್ಕೇ ಬೆರೆಸಿದರೆ ಕೆಂಪು ಬಾರದು, ಗುಲಾಬಿ ಬರುತ್ತದೆ.

5. ಸ್ಪಂಜನ್ನು ಬಣ್ಣಕ್ಕೆ ಅದ್ದಿ ಪೇಪರಿನ ಮೇಲೆ ಎರಡು ಸಲ ಒತ್ತಿ, ಆಮೇಲೆ ಅಚ್ಚಿನ ಮೇಲೆ ತಟ್ಟಿ. ಉಜ್ಜಬೇಡಿ. ಬಣ್ಣ ಅಂಚಿನಾಚೆ ಹರಡಿತೆಂದರೆ ಸ್ಪಂಜು ಒದ್ದೆಯಾಗಿದೆ ಎಂದೇ ಅರ್ಥ. ನಾಲ್ಕು ಅಚ್ಚಿಗೊಮ್ಮೆ ಫಿಲ್ಮಿನ ಹಿಂಬದಿ ಒರೆಸಿ.

ಸಿದ್ದಾಪುರ, ಶಿರಸಿ ಕಡೆಯ ದೀವರು ಗೋಡೆಗೆ ಬರೆಯುವ ಹಸೆ ಚಿತ್ತಾರವನ್ನು ಹೀಗೆ ಅಚ್ಚಿಗಿಳಿಸುವುದು ಸರಿ ಕಾಣುವುದಿಲ್ಲ. ಕೆಮ್ಮಣ್ಣಿನ ನೆಲೆಯ ಮೇಲೆ ಅಕ್ಕಿಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆಯ ಹಳದಿಯನ್ನು ಪುಂಡಿನಾರಿನ ಕುಂಚದಲ್ಲಿ ಎಳೆಯುವ ಆ ಗೆರೆಗೆ ಕೈಯೇ ಬೇಕು. ಬಲ್ಲವರಿಂದ ಒಂದು ಸಣ್ಣ ಚಿತ್ತಾರ ಬರೆಸಿ ಚೌಕಟ್ಟು ಹಾಕಿಸಿ. ಹತ್ತು ಪ್ರಿಂಟಿನ ದುಡ್ಡಿಗಿಂತ ಅದು ಒಳ್ಳೆಯ ಖರ್ಚು.

ಬೆಳಕು

ಹಂಚಿನ ಮಾಡಿನ ಮನೆ ಕತ್ತಲು ಎಂದು ಮೂರು ಟ್ಯೂಬ್‌ಲೈಟ್ ಹಾಕಿಸುವ ಮೊದಲು ಎರಡು ಗಾಜಿನ ಹಂಚು ತನ್ನಿ. ಮಾಮೂಲು ಮಂಗಳೂರು ಹಂಚಿನ ಅಳತೆಯಲ್ಲೇ ಸಿಗುತ್ತವೆ. ಆದರೆ ಹಂಚಿನ ಹಿಂಬದಿಯ ಹಲ್ಲು, ಅಂಚಿನ ಕಾಲುವೆ ಕಂಪನಿಯಿಂದ ಕಂಪನಿಗೆ ತುಸು ಬೇರೆ, ಆದ್ದರಿಂದ ಮನೆಯ ಒಂದು ಹಂಚನ್ನು ಅಂಗಡಿಗೆ ಒಯ್ದು ಕೂಡಿಸಿ ನೋಡಿಯೇ ಕೊಳ್ಳಿ. ಬದಲಿಸಲು ಮಾಡು ಹತ್ತಬೇಕಿಲ್ಲ: ಒಳಗಿನಿಂದ ಏಣಿ ಇಟ್ಟು, ಮೇಲಿನ ಸಾಲಿನ ಹಂಚನ್ನು ತುಸು ಮೇಲಕ್ಕೆ ಸರಿಸಿ, ಬೇಕಾದ ಹಂಚನ್ನು ರೀಪಿನಿಂದ ಎತ್ತಿ ಓರೆ ಮಾಡಿ ಒಳಗೆಳೆದುಕೊಂಡರೆ ಬರುತ್ತದೆ. ಗಾಜನ್ನು ಅದೇ ದಾರಿಯಲ್ಲಿ ಕೂರಿಸಿ. ಉತ್ತರ ಅಥವಾ ಪೂರ್ವದ ಇಳಿಜಾರು ಒಳ್ಳೆಯದು. ಪಶ್ಚಿಮಕ್ಕೆ ಹಾಕಿದರೆ ಏಪ್ರಿಲ್ ಮಧ್ಯಾಹ್ನ ಅದರ ಕೆಳಗೆ ಕೂರಲಾಗದು. ಹತ್ತಕ್ಕೆ ಹನ್ನೆರಡರ ಕೋಣೆಗೆ ಎರಡು, ಹೆಚ್ಚೆಂದರೆ ಮೂರು. ಹಾವಸೆ ಕಟ್ಟುವುದರಿಂದ ವರ್ಷಕ್ಕೊಮ್ಮೆ, ಮೇ ತಿಂಗಳಲ್ಲಿ, ತೊಳೆಯಬೇಕು.

ರಾತ್ರಿಯ ಬೆಳಕಿಗೆ ಲೆಕ್ಕ ಸುಲಭ. ಇದೇ ಕೋಣೆಗೆ 9 ವ್ಯಾಟಿನ ಮೂರು ಎಲ್‌ಇಡಿ ಬಲ್ಬು ಸಾಕು. ಒಂದೊಂದೂ ಸುಮಾರು 900 ಲೂಮೆನ್ ಕೊಡುತ್ತದೆ. ಮೂರನ್ನೂ ನಡುಮಾಡಿಗೆ ಹಾಕಬೇಡಿ. ಒಂದು ಮೇಲೆ, ಒಂದು ಓದುವ ಮೂಲೆಯಲ್ಲಿ, ಒಂದು ಗೋಡೆಗೆ ಮುಖ ಮಾಡಿ. ಹಂಚಿನ ಮಾಡು ಬೆಳಕನ್ನು ನುಂಗುತ್ತದೆ, ಹಾಗಾಗಿ ಬಲ್ಬನ್ನು ಪಕಾಸಿಯ (ಹಂಚು ಹೊರುವ ಮರದ) ಮಟ್ಟದಿಂದ ಮೂರು–ನಾಲ್ಕು ಅಡಿ ಕೆಳಗೆ ಇಳಿಬಿಡಿ. ಡಬ್ಬಿಯ ಮೇಲೆ 2700 ಅಥವಾ 3000 ಕೆ (ಕೆಲ್ವಿನ್, ಬೆಳಕಿನ ಬಣ್ಣದ ಅಳತೆ) ಎಂದಿರುವುದನ್ನೇ ಕೇಳಿ ತೆಗೆದುಕೊಳ್ಳಿ. 6500 ಕೆ ಬಲ್ಬಿನ ನೀಲಿಬಿಳಿ ಬೆಳಕು ಕಾವಿಯ ಕೆಂಪನ್ನೂ ಮರದ ಬಣ್ಣವನ್ನೂ ಬೂದಿ ಮಾಡುತ್ತದೆ.

ಬಿದಿರಿನ ಬುಟ್ಟಿಯನ್ನು ಮಗುಚಿ ಲೈಟಿನ ಶೇಡ್ ಮಾಡುವುದು ಚಂದವೂ ಹೌದು, ಅಗ್ಗವೂ ಹೌದು. ಆದರೆ ಬಿದಿರಿನಲ್ಲಿ ಪಿಷ್ಟ ಇರುತ್ತದೆ, ಅದಕ್ಕೆ ಕುಟ್ಟೆ ಹುಳ ಬರುತ್ತದೆ, ಆರು ತಿಂಗಳಲ್ಲಿ ಕೆಳಗೆ ಹಿಟ್ಟು ಉದುರತೊಡಗುತ್ತದೆ. ಕೊಂಡ ಕೂಡಲೇ 10 ಲೀಟರ್ ನೀರಿಗೆ 300 ಗ್ರಾಂ ಬೊರಾಕ್ಸ್, 200 ಗ್ರಾಂ ಬೋರಿಕ್ ಆ್ಯಸಿಡ್ ಕರಗಿಸಿ, ಬುಟ್ಟಿಯನ್ನು ಒಂದು ವಾರ ಮುಳುಗಿಸಿಟ್ಟು, ನೆರಳಲ್ಲಿ ಒಣಗಿಸಿ. ಬಿಸಿಲಿಗಿಟ್ಟರೆ ಸೀಳುತ್ತದೆ. ಆ ನೀರು ವಿಷ, ಮಕ್ಕಳಿಗೂ ದನಕರುಗಳಿಗೂ ಸಿಗದಂತೆ ಇಡಿ, ಆಹಾರದ ಬುಟ್ಟಿಗೆ ಈ ಉಪಚಾರ ಬೇಡ. ಎಲ್‌ಇಡಿ ಬಲ್ಬಿಗೂ ಬಿದಿರಿಗೂ ನಡುವೆ ನಾಲ್ಕಿಂಚು ಜಾಗ ಇರಲಿ. ಹಳೆಯ ತಂತಿಯ ಬಲ್ಬನ್ನು ಇದರೊಳಗೆ ಹಾಕಲೇಬಾರದು.

ಒಂದು ಸೀರೆ, ಒಂದು ಕಿಟಕಿ

ಪರದೆಗೆ ಹೊಸ ಬಟ್ಟೆ ಏಕೆ? ಹತ್ತಿ ಸೀರೆಯೊಂದು ಐದೂವರೆ ಮೀಟರ್ ಉದ್ದ, 45 ಇಂಚಿನಷ್ಟು ಅಗಲ. ಸೆರಗಿನ ಮುಕ್ಕಾಲು ಮೀಟರ್ ಕತ್ತರಿಸಿ ಪಕ್ಕಕ್ಕಿಡಿ. ಉಳಿದದ್ದನ್ನು ಎರಡು ಮಾಡಿದರೆ ಸುಮಾರು 2.37 ಮೀಟರಿನ ಎರಡು ತುಂಡು. ಮೇಲೆ ಕೊಳವೆಗೆ ನಾಲ್ಕಿಂಚು, ಕೆಳಗೆ ಮಡಿಕೆಗೆ ನಾಲ್ಕಿಂಚು ಹೋಗಿ ಏಳಡಿಯ ಪರದೆ ಸಿದ್ಧ. ನಾಲ್ಕಡಿ ಅಗಲದ ಕಿಟಕಿಗೆ ಎರಡು ತುಂಡು ಸೇರಿ ಏಳೂವರೆ ಅಡಿ ಬಟ್ಟೆ ಬರುವುದರಿಂದ ನೆರಿಗೆ ತುಂಬಿಕೊಂಡು ಕೂರುತ್ತದೆ. ಅಂಚು ಎರಡೂ ಬದಿಗೆ ತಾನಾಗಿಯೇ ಬರುತ್ತದೆ, ಬೇರೆ ಲೇಸು ಬೇಡ. ಸೆರಗಿನ ತುಂಡಿನಲ್ಲಿ ದಿಂಬಿನ ಎರಡು ಮುಖ ಆಗುತ್ತವೆ, ಹಿಂಬದಿಗೆ ಯಾವುದಾದರೂ ಹಳೆ ಹತ್ತಿ ಬಟ್ಟೆ ಹಾಕಿ. ಹೊಸ ಸೀರೆಯಾದರೆ ಕತ್ತರಿಸುವ ಮೊದಲು ಒಮ್ಮೆ ಒಗೆಯಿರಿ, ಹತ್ತಿ ನೂರಕ್ಕೆ ಮೂರರಿಂದ ಐದು ಕುಗ್ಗುತ್ತದೆ.

ಪರದೆಯ ಕಂಬಿಯನ್ನು ಕಿಟಕಿಯ ಎರಡೂ ಬದಿಗೆ ಆರಿಂಚು ಹೊರಚಾಚಿ, ಮೇಲಕ್ಕೂ ಆರಿಂಚು ಏರಿಸಿ ಹಾಕಿದರೆ ಕಿಟಕಿ ದೊಡ್ಡದಾಗಿ ಕಾಣುತ್ತದೆ, ಹಗಲು ಪರದೆ ಸರಿಸಿದಾಗ ಬೆಳಕೂ ಪೂರ್ತಿ ಬರುತ್ತದೆ. ಕೆಳ ಅಂಚು ನೆಲದಿಂದ ಒಂದಿಂಚು ಮೇಲಿರಲಿ, ನೆಲ ಮುಟ್ಟಿದರೆ ಮಳೆಗಾಲದಲ್ಲಿ ಬತ್ತಿಯಂತೆ ತೇವ ಹೀರುತ್ತದೆ. ಪಾಲಿಯೆಸ್ಟರ್ ಪರದೆ ಬೂಸ್ಟು ಹಿಡಿಯುವುದು ಕಡಿಮೆ, ನಿಜ, ಆದರೆ ಗಾಳಿಯನ್ನೂ ಬಿಡುವುದಿಲ್ಲ. ನಮಗೆ ಬೇಕಿರುವುದು ಗಾಳಿ.

ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಣ್ಣುಮಕ್ಕಳು ಹಳೆ ಸೀರೆ–ಬಟ್ಟೆಗಳ ತುಂಡು ಜೋಡಿಸಿ ಹೊಲಿಯುವ ಕೌದಿ ಸಿಕ್ಕರೆ ಬಿಡಬೇಡಿ. ಮೂಲೆಗಳಲ್ಲಿ ತ್ರಿಕೋನದ ಬಟ್ಟೆ ಮಡಿಚಿ ಹೊಲಿದ ಹೂವುಗಳಿರುತ್ತವೆ. ಹಳೆಯ ಬೆಂಚಿನ ಮೇಲೆ ಹಾಸಿದರೆ ಬೇರೆ ಅಲಂಕಾರವೇ ಬೇಡ. ಗೋಡೆಗೆ ತೂಗುಹಾಕುವುದಾದರೆ ಹಿಂಬದಿಗೆ ಬಟ್ಟೆಯ ಕೊಳವೆ ಹೊಲಿದು ಕೋಲು ತೂರಿಸಿ, ಮೊಳೆ ಹೊಡೆಯಬೇಡಿ. ಜೂನಿನಲ್ಲಿ ಗೋಡೆಯಿಂದ ಇಳಿಸಿ ಹಾಸಿಗೆಗೆ ಬಳಸಿ, ಅದು ಇರುವುದೇ ಹೊದೆಯಲಿಕ್ಕೆ.

ಚಿರೆಕಲ್ಲಿನಲ್ಲಿ ಮೊಳೆ ನಿಲ್ಲದು

ಚಿರೆಕಲ್ಲು ಮೆತ್ತಗೆ, ತೂತುತೂತು. ಮೊಳೆ ಹೊಡೆದರೆ ಗಾರೆಯ ಚಕ್ಕೆ ಸಮೇತ ಕೆಂಪು ಹುಡಿ ಉದುರಿ ಮೊಳೆ ಅಲ್ಲಾಡುತ್ತದೆ. ಡ್ರಿಲ್ ಬಳಸಿ, ಹ್ಯಾಮರ್ ಬಟನ್ ಆಫ್ ಮಾಡಿ. 6 ಮಿ.ಮೀ.ನ ಡ್ರಿಲ್ ಬಿಟ್, 50 ಮಿ.ಮೀ. ಆಳ, ಉದ್ದನೆಯ ಪ್ಲಾಸ್ಟಿಕ್ ಪ್ಲಗ್ಗು. ತೂತಿನ ಹುಡಿಯನ್ನು ಊದಿ ತೆಗೆದ ಮೇಲೆಯೇ ಪ್ಲಗ್ಗು ಹಾಕಿ. ಆದರೂ ಸಡಿಲ ಅನಿಸಿದರೆ ಪ್ಲಗ್ಗಿನ ಸುತ್ತ ಬಿಳಿ ಸಿಮೆಂಟಿನ ಲೇಪ ತುಂಬಿ ಒಂದು ದಿನ ಬಿಡಿ.

ಇದಕ್ಕಿಂತ ಜಾಣತನ ಎಂದರೆ ತೂತುಗಳನ್ನೇ ಕಡಿಮೆ ಮಾಡುವುದು. ಎರಡಿಂಚು ಅಗಲದ ಮರದ ಪಟ್ಟಿಯೊಂದನ್ನು ಏಳಡಿ ಎತ್ತರದಲ್ಲಿ, ಎರಡಡಿಗೊಂದರಂತೆ ಸ್ಕ್ರೂ ಹಾಕಿ ಕೂರಿಸಿಬಿಡಿ. ಎಲ್ಲ ಚಿತ್ರಗಳನ್ನೂ ಅದರಿಂದ ದಾರದಲ್ಲಿ ಇಳಿಬಿಡಬಹುದು, ಮನಸ್ಸು ಬದಲಾದಾಗ ಸರಿಸಬಹುದು. ನಿಂತು ನೋಡುವ ಜಾಗದಲ್ಲಿ ಚಿತ್ರದ ನಡುಭಾಗ ನೆಲದಿಂದ ಐದಡಿ, ಕೂತು ನೋಡುವ ಕಡೆ ನಾಲ್ಕೂವರೆ. ಹಳೆ ಮನೆಗಳಲ್ಲಿ ಫೋಟೋಗಳು ಮುಂದಕ್ಕೆ ಬಾಗಿರುತ್ತವಲ್ಲ, ಅದರ ಹಿಂದೆ ಗಾಳಿಯಾಡುತ್ತದೆ. ಹೊಸ ಚೌಕಟ್ಟುಗಳ ಕೆಳಮೂಲೆಗಳಿಗೆ ಒಂದು ಸೆಂ.ಮೀ. ದಪ್ಪದ ರಬ್ಬರ್ ಬಿಲ್ಲೆ ಅಂಟಿಸಿ, ಅದೇ ಲಾಭ. ಗೋಡೆಗೆ ಒತ್ತಿಕೊಂಡ ಫೋಟೋ ಎರಡು ಮಳೆಗಾಲಕ್ಕೆ ಗಾಜಿಗೆ ಅಂಟಿಕೊಳ್ಳುತ್ತದೆ, ಬಿಡಿಸಲು ಬರುವುದಿಲ್ಲ.

ಅಲೆಯ ಸದ್ದು ಕೇಳುವಷ್ಟು ದೂರದಲ್ಲಿ ಮನೆ ಇದ್ದರೆ ಕಬ್ಬಿಣದ ಸ್ಕ್ರೂ ಬೇಡವೇ ಬೇಡ. ತುಕ್ಕಿನ ಕಣ್ಣೀರು ಬಿಳಿ ಗೋಡೆಯ ಮೇಲೆ ಇಳಿಯುತ್ತದೆ. ಹಿತ್ತಾಳೆ ಕೊಕ್ಕೆ, ಎಸ್‌ಎಸ್ ಸ್ಕ್ರೂ ಕೇಳಿ, ಸ್ಟೇನ್‌ಲೆಸ್ ಸ್ಟೀಲಿನ 316 ದರ್ಜೆ ಸಿಕ್ಕರೆ ಉತ್ತಮ, 304 ಆದರೂ ಪರವಾಗಿಲ್ಲ. ಅಂಗಡಿಗೆ ಸಣ್ಣ ಅಯಸ್ಕಾಂತ ಒಯ್ಯಿರಿ. ಗಟ್ಟಿಯಾಗಿ ಎಳೆದು ಹಿಡಿದುಕೊಂಡರೆ ಅದು ಬಹುಪಾಲು ಈ ಎರಡು ದರ್ಜೆಯದಲ್ಲ.

ಹಳೆ ಮರ, ಹಿತ್ತಾಳೆ

ಹೊಸ ಪಾರ್ಟಿಕಲ್ ಬೋರ್ಡಿನ ಕಪಾಟಿಗಿಂತ ಸೆಕೆಂಡ್‌ಹ್ಯಾಂಡ್ ಮರದ ಬೆಂಚು ನೂರು ಪಾಲು ಮೇಲು. ಪಾರ್ಟಿಕಲ್ ಬೋರ್ಡ್ ಕಾಲಬುಡದಲ್ಲಿ ನೀರು ಕುಡಿದು ಬ್ರೆಡ್ಡಿನಂತೆ ಉಬ್ಬುತ್ತದೆ. ಪ್ಲೈವುಡ್ಡೇ ಬೇಕೆಂದರೆ ಅದರ ಮೇಲಿನ ಮುದ್ರೆ ನೋಡಿ: ಎಂಆರ್ (ತೇವ ಮಾತ್ರ ತಡೆಯುವ) ದರ್ಜೆ ಇಲ್ಲಿಗೆ ಆಗದು, ಬಿಡಬ್ಲ್ಯುಆರ್ (ಕುದಿನೀರನ್ನೂ ತಡೆಯುವ) ಇರಲಿ, ಅಡುಗೆಮನೆಗೆ ಐಎಸ್ 710 ಮುದ್ರೆಯದು.

ಹಳೆ ಸಾಮಾನು ಕೊಳ್ಳುವಾಗ ಮಗುಚಿ ನೋಡಿ. ಸಣ್ಣ ತೂತುಗಳಿಂದ ಹೊಸ ಹಿಟ್ಟು ಉದುರುತ್ತಿದ್ದರೆ ಹುಳ ಒಳಗೇ ಇದೆ. ತೂತು ಹಳೆಯದಾಗಿ ಕಪ್ಪಾಗಿದ್ದರೆ ತೊಂದರೆ ಇಲ್ಲ. ಬೆರಳಿನಿಂದ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಒರಲೆ. ಹಲಸು, ಸಾಗವಾನಿ, ಹೊನ್ನೆ ಇವಕ್ಕೆ ಚೌಕಾಸಿ ಮಾಡಿಯಾದರೂ ದುಡ್ಡು ಕೊಡಬಹುದು. ಬಾಡಿಗೆ ಮನೆ ಖಾಲಿ ಮಾಡುವವರ ಹತ್ತಿರ, ಕಾರವಾರದ ಭಾನುವಾರದ ಸಂತೆಯ ಆಸುಪಾಸಿನಲ್ಲಿ ಕಣ್ಣಿಡಿ.

80 ನಂಬರಿನ ಪಾಲಿಶ್ ಪೇಪರಿನಿಂದ ಹಳೆ ವಾರ್ನಿಶ್ ತೆಗೆದು, 120, ಕೊನೆಗೆ 220ರಲ್ಲಿ ಉಜ್ಜಿ, ಯಾವಾಗಲೂ ಎಳೆಯ ದಿಕ್ಕಿನಲ್ಲೇ. ಅರಗಿನ ಪಾಲಿಶ್ ಮಳೆಗಾಲದಲ್ಲಿ ಹಾಕಿದರೆ ಗಾಳಿಯ ತೇವಕ್ಕೆ ಹಾಲಿನಂತೆ ಬೆಳ್ಳಗಾಗುತ್ತದೆ, ಅದನ್ನು ಏಪ್ರಿಲ್ಲಿಗೆ ಇಟ್ಟುಕೊಳ್ಳಿ. ಅಗಸೆ ಎಣ್ಣೆ ಹಚ್ಚುವವರು ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳುತ್ತದೆ. ನೀರಿಗೆ ಹಾಕಿ ಅಥವಾ ಬಿಡಿಸಿ ಒಣಗಿಸಿ. ಗೇರುಬೀಜದ ಸಿಪ್ಪೆಯ ಎಣ್ಣೆ ಮಾಡಿನ ಮರಕ್ಕೆ, ದೋಣಿಗೆ ಸರಿ. ಕೂರುವ ಸಾಮಾನಿಗೆ ಹಚ್ಚಿದರೆ ಚರ್ಮ ಸುಡುತ್ತದೆ.

ಮರದ ಸಾಮಾನನ್ನು ಗೋಡೆಯಿಂದ ಮೂರಿಂಚು ದೂರ ಇಡಿ. ಕಾಲುಗಳ ಕೆಳಗೆ ಒಡೆದ ಟೈಲಿನ ಚೂರು. ಕಪಾಟಿನೊಳಗೆ ತಟ್ಟೆಯಲ್ಲಿ ಸುಟ್ಟ ಸುಣ್ಣದ ಹರಳು ಇಟ್ಟರೆ ತೇವ ಹೀರುತ್ತದೆ, ಹುಡಿಯಾದಾಗ ಬದಲಿಸಿ.

ಹಿತ್ತಾಳೆ ಹಂಡೆ, ಹರಿವಾಣ, ತಂಬಿಗೆ ಅಟ್ಟದ ಮೇಲಿದ್ದರೆ ಇಳಿಸಿ. ಮುರುಗಲು ಸಿಪ್ಪೆಯಲ್ಲಿ ತಿಕ್ಕಿ, ತೊಳೆದು, ಒಲೆಯ ಪಕ್ಕ ಪೂರ್ತಿ ಒಣಗಿಸಿ. ಜೇನುಮೇಣವನ್ನು ಬಟ್ಟೆಯಲ್ಲಿ ತೆಳ್ಳಗೆ ಸವರಿದರೆ ಉಪ್ಪುಗಾಳಿಗೆ ಕಪ್ಪಾಗುವುದು ನಿಧಾನವಾಗುತ್ತದೆ. ಅಡುಗೆಗೆ, ಪೂಜೆಯ ನೀರಿಗೆ ಬಳಸುವ ಪಾತ್ರೆಗೆ ಮೇಣ ಬೇಡ. ಹರಿವಾಣದಲ್ಲಿ ನೀರು–ಹೂವು ಇಡುವವರು ದಿನವೂ ನೀರು ಬದಲಿಸಿ, ಕುಂಡದ ತಟ್ಟೆಗಳ ನೀರನ್ನು ವಾರಕ್ಕೊಮ್ಮೆಯಾದರೂ ಚೆಲ್ಲಿ, ಡೆಂಗಿ ಸೊಳ್ಳೆ ಹುಟ್ಟುವುದು ಅಲ್ಲೇ.

ಚೌತಿಗೆ ನಾಲ್ಕು ಕೊಕ್ಕೆ

ಚೌತಿಗೆ ಬಣ್ಣ ಬೇಡ ಎಂದೆವು. ಬದಲಿಗೆ ಗಣಪತಿಯ ಮೇಲೆ ಕಟ್ಟುವ ಫಲಾವಳಿಗೆ, ಕಾರವಾರ ಕಡೆಯವರ ಮಾಟೋಳಿಗೆ, ಒಂದು ಸಲ ಸರಿಯಾದ ವ್ಯವಸ್ಥೆ ಮಾಡಿಕೊಳ್ಳಿ. ಅಡಿಕೆ ಗೊನೆ, ತೆಂಗಿನಕಾಯಿ, ಮೊಗೆಕಾಯಿ, ಕಂಚಿಕಾಯಿ, ಹಾಗಲ, ಮಾವಿನ ತುದಿ ಎಲ್ಲ ಸೇರಿ ಭಾರ ಸುಲಭದಲ್ಲಿ 20 ಕಿಲೋ ದಾಟುತ್ತದೆ. ಪ್ರತಿವರ್ಷ ಫ್ಯಾನಿನ ಕೊಕ್ಕೆಗೆ ಹಗ್ಗ ಬಿಗಿಯುವುದು ಅಪಾಯ.

ಮರದ ತೊಲೆ ಇದ್ದರೆ 8 ಮಿ.ಮೀ. ದಪ್ಪದ ನಾಲ್ಕು ಎಸ್‌ಎಸ್ ಕಣ್ಣುಸ್ಕ್ರೂಗಳನ್ನು, 6 ಮಿ.ಮೀ. ತೂತು ಮೊದಲು ಕೊರೆದು, ಎರಡಿಂಚು ಆಳಕ್ಕೆ ತಿರುಗಿಸಿ. ಆರ್‌ಸಿಸಿ ಸ್ಲ್ಯಾಬಾದರೆ 8 ಮಿ.ಮೀ. ಆ್ಯಂಕರ್ ಕೊಕ್ಕೆ. ನಾಲ್ಕರ ನಡುವೆ ಮೂರಡಿ–ನಾಲ್ಕಡಿಯ ಆಯತ ಬರಲಿ. ಅಡಿಕೆ ದಬ್ಬೆ ನಾಲ್ಕನ್ನು ಚೌಕಟ್ಟು ಮಾಡಿ, ಒಳಗೆ ಆರಿಂಚಿಗೊಂದು ಅಡ್ಡದಬ್ಬೆ ಕಟ್ಟಿದರೆ ತಟ್ಟಿ ಸಿದ್ಧ. ಭಾರದ ಕಾಯಿಗಳನ್ನು ಕೊಕ್ಕೆಯ ಹತ್ತಿರದ ಮೂಲೆಗಳಿಗೆ, ಹಗುರದ್ದನ್ನು ನಡುವಿಗೆ ಕಟ್ಟಿ, ಇಲ್ಲದಿದ್ದರೆ ತಟ್ಟಿ ತೊಟ್ಟಿಲಿನಂತೆ ಬಾಗುತ್ತದೆ. ಗೌರಿಹೂವನ್ನು ಮಕ್ಕಳ ಕೈಗೆ ಎಟುಕದಷ್ಟು ಮೇಲೆ ಕಟ್ಟಿ, ಅದರ ಗಡ್ಡೆ, ಬೀಜ ಎಲ್ಲವೂ ವಿಷ.

ಹಬ್ಬ ಮುಗಿದ ಮೇಲೆ ದಬ್ಬೆಯ ತಟ್ಟಿಯನ್ನು ತೊಳೆದು ಅಟ್ಟಕ್ಕೆ. ಕೊಕ್ಕೆಗಳು ಹಾಗೇ ಇರಲಿ, ಬಿದಿರಿನ ಶೇಡ್ ಒಂದಕ್ಕೆ, ಜರಿಗಿಡದ ಕುಂಡ ಇನ್ನೊಂದಕ್ಕೆ. ಮಕ್ಕಳು ಕೇಳಿದರೂ ಉಯ್ಯಾಲೆಯನ್ನು ಮಾತ್ರ ಇವಕ್ಕೆ ಕಟ್ಟಬೇಡಿ: ತೂಗುವಾಗ ಬೀಳುವ ಎಳೆತ ನಿಂತ ಭಾರಕ್ಕಿಂತ ಬಹಳ ಹೆಚ್ಚು, ಅದಕ್ಕೆ ತೊಲೆಯ ಆರುಪಾರು ಹೋಗುವ ಬೋಲ್ಟೇ ಬೇಕು.